ಎರಡೂ ದಿನ ಅಲೆ 2.5 ಮೀಟರ್, ಆದರೆ ಕಡಲು ಒಂದೇ ಅಲ್ಲ: ಅರಬ್ಬೀ ಸಮುದ್ರದ ಮುನ್ಸೂಚನೆ ಓದುವುದು ಹೇಗೆ?

ಕುಂದಾಪ್ರ_ಕಡಲು:
ಆಗಸ್ಟ್‌ನಲ್ಲಿ ಬೋಟು ಇಳಿಯುವ ಹೊತ್ತಿಗೆ ಪ್ರತಿ ವರ್ಷ ಇದೇ ಗೊಂದಲ. ಎರಡು ಮುನ್ಸೂಚನೆ ಪಕ್ಕಪಕ್ಕ ಇಡ್ತೇನೆ, ನೋಡಿ. ಒಂದರಲ್ಲಿ ಅಲೆ 2.5 ಮೀಟರ್, ಅವಧಿ (ಒಂದು ಅಲೆಯ ತುದಿಯಿಂದ ಮುಂದಿನದರ ತುದಿ ಬರುವವರೆಗಿನ ಹೊತ್ತು) 7 ಸೆಕೆಂಡ್, ಪಶ್ಚಿಮದಿಂದ, ಗಾಳಿ 20–22 ನಾಟ್ (ಒಂದು ನಾಟ್ ಅಂದ್ರೆ ಗಂಟೆಗೆ ಒಂದು ನಾಟಿಕಲ್ ಮೈಲು). ಇನ್ನೊಂದರಲ್ಲಿ ಅಲೆ 2.5 ಮೀಟರೇ, ಅವಧಿ 14 ಸೆಕೆಂಡ್, ನೈಋತ್ಯದಿಂದ, ಗಾಳಿ 8 ನಾಟ್. ವಾಟ್ಸಾಪ್‌ನಲ್ಲಿ ಹರಿದಾಡುವಾಗ ಉಳಿಯುವುದು ಎತ್ತರ ಮಾತ್ರ, ಬಾಕಿ ಎಲ್ಲ ಬಿಟ್ಟುಹೋಗ್ತದೆ. ಮಲ್ಪೆಯಿಂದ 60–80 ನಾಟಿಕಲ್ ಮೈಲು ಹೊರಗಿರುವ 20 ಮೀಟರ್ ಟ್ರಾಲ್ ಬೋಟಿಗೆ ಇವೆರಡೂ ಒಂದೆಯಾ?

ಅಲೆಲೆಕ್ಕ:
ಒಂದೇ ಅಲ್ಲ, ಹತ್ತಿರವೂ ಇಲ್ಲ.

ಆಳದ ನೀರಿನಲ್ಲಿ ಅಲೆಯ ಉದ್ದ ತಿಳಿಯಲು ಸುಲಭದ ಲೆಕ್ಕ ಉಂಟು: 1.56 × ಅವಧಿ × ಅವಧಿ, ಉತ್ತರ ಮೀಟರ್‌ನಲ್ಲಿ. 7 ಸೆಕೆಂಡಿಗೆ 76 ಮೀಟರ್, 14 ಸೆಕೆಂಡಿಗೆ 306 ಮೀಟರ್. ಮೊದಲನೆಯದರಲ್ಲಿ ಎತ್ತರಕ್ಕೂ ಉದ್ದಕ್ಕೂ 1:30ರ ಕಡಿದು. ಅದರ ಮೇಲೆ 20 ನಾಟ್ ಗಾಳಿ ಇನ್ನೂ ಬಲ ತುಂಬುತ್ತಲೇ ಇರುತ್ತದೆ, ತುದಿ ಒಡೆದು ನೊರೆ ಬೀಳುತ್ತದೆ. ಎರಡನೆಯದು 1:120. ಎಲ್ಲೋ ದೂರದ ಗಾಳಿ ಎಬ್ಬಿಸಿ ಬಿಟ್ಟ ಉಬ್ಬಲೆ ಅದು. ಬೋಟು ನಿಧಾನ ಏರಿ ನಿಧಾನ ಇಳಿಯುತ್ತದೆ, ಡೆಕ್ ಮೇಲೆ ನೀರು ಬರುವುದೇ ಕಡಿಮೆ.

ಇನ್ನೊಂದು: ಈ 2.5 ಮೀಟರ್ ಅಂದರೆ ಅತಿ ದೊಡ್ಡ ಅಲೆ ಅಲ್ಲ. ಅಲೆಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಮೇಲಿನ ಮೂರನೇ ಒಂದು ಭಾಗದ ಸರಾಸರಿ ತೆಗೆದ ಸಂಖ್ಯೆ. ಸಾವಿರ ಅಲೆಯಲ್ಲಿ ಒಂದಾದರೂ ಇದರ 1.8–1.9 ಪಟ್ಟು ಬರುವುದು ಸಹಜ. 7 ಸೆಕೆಂಡಿನ ಕಡಲಲ್ಲಿ ಸಾವಿರ ಅಲೆ ದಾಟಲು ಎರಡು ಗಂಟೆ ಸಾಕು. ಅಂದರೆ 2.5 ಅಂತ ಬರೆದ ದಿನ ಎರಡು ಗಂಟೆಗೊಮ್ಮೆ 4.5 ಮೀಟರ್ ಅಲೆ ಬಂದರೆ ಅದು ಮುನ್ಸೂಚನೆಯ ತಪ್ಪಲ್ಲ.

ಮತ್ತೆ, ಒಟ್ಟು ಎತ್ತರದೊಳಗೆ ಎರಡು ಕಡಲು ಬೆರೆತಿರುತ್ತವೆ. ಉಬ್ಬಲೆ 2 ಮೀ., ಗಾಳಿಯಲೆ 1.5 ಮೀ. ಇದ್ದರೆ ಒಟ್ಟು 3.5 ಅಲ್ಲ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು: 4 + 2.25 = 6.25, ಅದರ ಮೂಲ 2.5. ಹಾಗಾಗಿ ಒಟ್ಟು ಸಂಖ್ಯೆಯೊಂದನ್ನೇ ನೋಡಿ ಕಡಲಿನ ಬಗ್ಗೆ ಏನೂ ಹೇಳಲಾಗುವುದಿಲ್ಲ. ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್ಕಾಯ್ಸ್ ಕೊಡುವ ಸಮುದ್ರ ಸ್ಥಿತಿ ಮುನ್ಸೂಚನೆಯಲ್ಲಿ ಉಬ್ಬಲೆಯ ಎತ್ತರ, ಅವಧಿ, ದಿಕ್ಕು ಬೇರೆಯಾಗಿಯೇ ಸಿಗುತ್ತದೆ. ಅದನ್ನು ನೋಡಿ.

ಮಲ್ಪೆ_ತಾಂಡೇಲ:
ಲೆಕ್ಕ ಸರಿ ಉಂಟು ಮಾರಾಯ್ರೆ, ಆದ್ರೆ ಬೋಟಿಗೆ ಸಿಗುವ ಅವಧಿ ಪುಸ್ತಕದ ಅವಧಿ ಅಲ್ಲ. 8 ನಾಟ್ ಅಂದ್ರೆ ಸೆಕೆಂಡಿಗೆ 4 ಮೀಟರ್ ಚಿಲ್ಲರೆ. 7 ಸೆಕೆಂಡಿನ ಅಲೆ ಸೆಕೆಂಡಿಗೆ 11 ಮೀಟರ್ ಓಡ್ತದೆ. ಎದುರು ಹೋದ್ರೆ 5 ಸೆಕೆಂಡಿಗೊಂದು ಹೊಡೆತ, ಬೆನ್ನಿಗೆ ಹಾಕಿಕೊಂಡ್ರೆ 11 ಸೆಕೆಂಡಿಗೊಂದು. ಬೆನ್ನಿಗೆ ಹಾಕಿದಾಗ ಹಾಯಾಗಿ ಕಾಣುವುದು ಇದಕ್ಕೇ. ಮೋಸ ಇರುವುದೂ ಅಲ್ಲೇ: ಅಲೆಯ ತುದಿ ಬೋಟಿನ ನಡುವೆ ಬಂದು ಹೆಚ್ಚು ಹೊತ್ತು ನಿಲ್ತದೆ, ಮುಂದೆ ಹಿಂದೆ ಎರಡೂ ಕಡೆ ನೀರಿನ ಆಸರೆ ಕಡಿಮೆಯಾಗ್ತದೆ. ಆ ಹೊತ್ತಲ್ಲಿ ಚುಕ್ಕಾಣಿ ಹಿಡಿಯುವುದಿಲ್ಲ, ಬೋಟು ಅಡ್ಡ ತಿರುಗ್ತದೆ.

ಎದುರಾಗಿ ಹೋಗುವಾಗ ನೇರ ಮೂತಿಗೆ ಹೊಡೆಸಿಕೊಳ್ಳುವುದಕ್ಕಿಂತ 30–40 ಡಿಗ್ರಿ ಓರೆ ಹಿಡಿದು, ಎಂಜಿನ್ ಇಳಿಸಿ, 4–5 ನಾಟ್‌ನಲ್ಲಿ ಹೋಗುವುದು ಒಳ್ಳೆಯದು. ಅಡ್ಡ ಮಾತ್ರ ಮಲಗಿಸಬಾರದು. ಬಲೆ ಎಳೆಯುವಾಗ ರೋಪ್ ಕೆಳಗೆ ಕಲ್ಲಿಗೋ ಹಳೆಯ ಹಡಗಿಗೋ ಸಿಕ್ಕಿತು ಅಂತ ಇಟ್ಟುಕೊಳ್ಳಿ. ವಿಂಚ್ (ರೋಪ್ ಸುತ್ತಿ ಎಳೆಯುವ ಯಂತ್ರ) ಒತ್ತಿ ಹಿಡಿದ್ರೆ ಮುಂದಿನ ಉಬ್ಬಲೆ ಬೋಟನ್ನು ಮೇಲೆತ್ತುವಾಗ ರೋಪ್ ಒಂದು ಬದಿಯನ್ನು ಕೆಳಗೆ ಜಗ್ತದೆ. ಬ್ರೇಕ್ ಸಡಿಲ ಬಿಟ್ಟು ರೋಪ್ ಹರಿಯಲು ಬಿಡಬೇಕು, ಆಮೇಲೆ ಬೋಟು ತಿರುಗಿಸಿ ಹಿಂದಿನಿಂದ ನೇರ ಎಳೀಬೇಕು.

ಹಡಗುಹಾದಿ:
ತಾಂಡೇಲಣ್ಣ ಹೇಳಿದ್ದಕ್ಕೆ ಒಂದು ಪರೀಕ್ಷೆ ಸೇರಿಸುತ್ತೇನೆ. ಬೋಟು ಎಡದಿಂದ ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬಂದರೆ ಒಂದು ಓಲಾಟ. ಹತ್ತು ಓಲಾಟಕ್ಕೆ ಎಷ್ಟು ಸೆಕೆಂಡ್ ಅಂತ ಬಂದರಿನ ಬಾಯಲ್ಲೇ ಎಣಿಸಿ ಬರೆದಿಡಿ. ಓಲಾಟದ ಅವಧಿ ಸುಮಾರಾಗಿ 0.8 × ಅಗಲ ÷ ಸ್ಥಿರತೆಯ ಎತ್ತರದ ವರ್ಗಮೂಲ. ಸ್ಥಿರತೆಯ ಎತ್ತರ ಅಂದರೆ ವಾಲಿದ ಬೋಟು ಎಷ್ಟು ಬಲವಾಗಿ ನೆಟ್ಟಗಾಗುತ್ತದೆ ಅನ್ನುವುದರ ಅಳತೆ, ಮೀಟರ್‌ನಲ್ಲಿ. 6 ಮೀಟರ್ ಅಗಲದ ಬೋಟಿಗೆ ಆ ಎತ್ತರ 0.8 ಮೀ. ಇದ್ದರೆ 5.4 ಸೆಕೆಂಡ್ ಬರುತ್ತದೆ. ಅದೇ ಬೋಟು 8 ಸೆಕೆಂಡ್ ತೆಗೆದುಕೊಳ್ಳಲು ಶುರುಮಾಡಿದರೆ ಸ್ಥಿರತೆಯ ಎತ್ತರ 0.36ಕ್ಕೆ ಇಳಿದಿದೆ ಅಂತ ಅರ್ಥ. ಒಂದೇ ಡೆಕ್ಕಿನ ಮೀನುಗಾರಿಕಾ ಹಡಗಿಗೆ ಅಂತರರಾಷ್ಟ್ರೀಯ ನಿಯಮ ಹೇಳುವ ಕನಿಷ್ಠ 0.35 ಮೀ.

ಯಾಕೆ ಇಳಿಯುತ್ತದೆ? ಕೆಳಗಿನ ಡೀಸೆಲ್ ಖಾಲಿಯಾಗುತ್ತದೆ, ಐಸ್ ಕರಗುತ್ತದೆ, ಮೇಲೆ ಡೆಕ್ಕಿನಲ್ಲಿ ಒದ್ದೆ ಬಲೆ ಮತ್ತು ಮೀನು ಗುಡ್ಡೆ ಬೀಳುತ್ತದೆ. ಅರ್ಧ ತುಂಬಿದ ಟ್ಯಾಂಕು, ಬಿಲ್ಜಿನಲ್ಲಿ (ಬೋಟಿನ ಒಳತಳದಲ್ಲಿ) ನಿಂತ ನೀರು ಇನ್ನೂ ಕೆಟ್ಟದು. ಬೋಟು ವಾಲಿದ ಕಡೆಗೇ ಅದೂ ಹರಿಯುತ್ತದೆ. ಓಲಾಟ ನಿಧಾನವಾಗಿ, ತುದಿಯಲ್ಲಿ ಒಂದು ಕ್ಷಣ ನಿಂತ ಹಾಗೆ ಆದರೆ ಜನ 'ಈಗ ಕಡಲು ಶಾಂತವಾಯ್ತು' ಅಂದುಕೊಳ್ಳುತ್ತಾರೆ. ಶಾಂತವಾಗಿಲ್ಲ. ಮೊದಲು ಬಿಲ್ಜ್ ಪಂಪ್ ಹಾಕಿ, ಡೆಕ್ಕಿನ ಮೀನು ಕೆಳಗಿಳಿಸಿ.

ಕಾರವಾರ_ಬಡಗು:
ಸರ್, ಮಳೆಗಾಲದಲ್ಲಿ ಕರೆಯಲ್ಲಿ (ದಡದ ಹತ್ತಿರ) ಗಾಳಿ 12–15 ನಾಟ್ ಮಾತ್ರ, ಆದರೂ ಅಲೆ 3 ಮೀಟರ್. ಗಾಳಿ ಇಲ್ಲದೆ ಅಷ್ಟು ಅಲೆ ಎಲ್ಲಿಂದ?

ಹಡಗುಹಾದಿ:
ಗಾಳಿ ಇದೆ, ನಿಮ್ಮ ಹತ್ತಿರ ಇಲ್ಲ ಅಷ್ಟೆ. ಜೂನ್‌ನಿಂದ ಆಗಸ್ಟ್‌ವರೆಗೆ ಆಫ್ರಿಕದ ಸೊಮಾಲಿ ಕರಾವಳಿ ಬಿಟ್ಟು ಅರಬ್ಬೀ ಸಮುದ್ರದ ನಡುವೆ ಹಾಯುವ ಗಾಳಿಯ ಹೊಳೆಯೊಂದುಂಟು. 1960ರ ದಶಕದ ಕೊನೆಗೆ ಇದನ್ನು ವಿವರಿಸಿದ ಹವಾಮಾನ ತಜ್ಞ ಫಿಂಡ್‌ಲೇಟರ್ ಹೆಸರೇ ಇದಕ್ಕೆ ನಿಂತಿದೆ. ಅದರ ತಿರುಳು ನೀರಿನಿಂದ ಒಂದೂವರೆ ಕಿ.ಮೀ. ಮೇಲೆ. ಸೊಕೊಟ್ರಾ ದ್ವೀಪದ ಪೂರ್ವಕ್ಕೆ ನೀರಿನ ಮಟ್ಟದಲ್ಲೇ 30 ನಾಟ್ ಗಾಳಿ ದಿನಗಟ್ಟಲೆ ಬೀಸುತ್ತದೆ. 30 ನಾಟ್ ಗಾಳಿಗೆ ಅಲೆ ಪೂರ್ತಿ ಬೆಳೆಯಲು ಸುಮಾರು 23 ಗಂಟೆ ಮತ್ತು 280 ನಾಟಿಕಲ್ ಮೈಲು ತೆರೆದ ನೀರು ಬೇಕು. ಅಲ್ಲಿ ಎರಡಕ್ಕೂ ಕೊರತೆ ಇಲ್ಲ. ಪೂರ್ವಕ್ಕೆ ಬಂದಂತೆ ಗಾಳಿ ಕುಗ್ಗುತ್ತದೆ, ಅಲೆ ಅಷ್ಟು ಬೇಗ ಕುಗ್ಗುವುದಿಲ್ಲ. ಅವಧಿ ಉದ್ದವಾಗಿ ಪಶ್ಚಿಮ–ನೈಋತ್ಯದಿಂದ ಕಾರವಾರಕ್ಕೆ ಬಂದು ಬಡಿಯುತ್ತದೆ.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಹುಟ್ಟಿ ಒಡಿಶಾ, ಮಧ್ಯಪ್ರದೇಶದ ಕಡೆ ಸರಿಯುವಾಗ ನಮ್ಮ ಕಡೆಯ ಪಡುಗಾಳಿಯೂ ಬಲವಾಗುತ್ತದೆ. ಹಾಗಾಗಿ ಆಗಸ್ಟ್‌ನಲ್ಲಿ ಹೊರಡುವ ಮೊದಲು ಪೂರ್ವ ಕರಾವಳಿಯ ನಕ್ಷೆಯನ್ನೂ ನೋಡುವ ಅಭ್ಯಾಸ ಬೇಕು.

ಅಲೆಲೆಕ್ಕ:
ಮಳೆಗಾಲದ ಆಚೆಯೂ ನಮ್ಮ ಕಡೆ ಬೇರೆ ಎರಡು ಉಬ್ಬಲೆ ಉಂಟು. ಚಳಿಗಾಲದಿಂದ ಮೇವರೆಗೆ ಅರೇಬಿಯಾದ ಶಮಾಲ್ ಗಾಳಿ ಎಬ್ಬಿಸಿದ ಅಲೆ ವಾಯವ್ಯದಿಂದ ಬರುತ್ತದೆ, ಅವಧಿ 6–8 ಸೆಕೆಂಡ್. ಮಧ್ಯಾಹ್ನದ ಕಡಲಗಾಳಿಯೂ ವಾಯವ್ಯದ್ದೇ ಆದ್ದರಿಂದ ಇವೆರಡು ಬೆರೆತು ಸಂಜೆ ನಾಲ್ಕರ ಹೊತ್ತಿಗೆ ಕಡಲು ಕುದಿಯುತ್ತದೆ, ರಾತ್ರಿ ಇಳಿಯುತ್ತದೆ.

ಇನ್ನೊಂದು ವರ್ಷವಿಡೀ ಬರುವುದು, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಿಂದ. 16 ಸೆಕೆಂಡಿನ ಉಬ್ಬಲೆಯ ಗುಂಪು ಗಂಟೆಗೆ 24 ನಾಟಿಕಲ್ ಮೈಲು ಸಾಗುತ್ತದೆ. ದಕ್ಷಿಣ ಅಕ್ಷಾಂಶ 45ರಿಂದ ಮಲ್ಪೆಗೆ ಸುಮಾರು 3,500 ಮೈಲು, ಅಂದರೆ 6 ದಿನ. ಕೇರಳದವರು ಕಳ್ಳಕ್ಕಡಲ್ ಅನ್ನುವುದು ಇದನ್ನೇ: ಗಾಳಿ ಇಲ್ಲ, ಮೋಡ ಇಲ್ಲ, ಮನೆಯಂಗಳಕ್ಕೆ ನೀರು. ಹೊರಗಿನ ಆಳದಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಾಟ ಹೊಳೆ ಕಡಲು ಸೇರುವ ಅಳಿವೆಯಲ್ಲಿ.

ಗಂಗೊಳ್ಳಿ_ಅಳಿವೆ:
ಅದನ್ನೇ ಬರೆಯಿರಿ ಅಂತ ಕಾಯ್ತಿದ್ದೆ. ಹೊರಗೆ 1 ಮೀಟರ್ ಅಂತ ಹೇಳಿ ಒಳಗೆ ಬರುವಾಗ ಬೋಟು ಮಗುಚುವುದು ಯಾಕೆ?

ಅಲೆಲೆಕ್ಕ:
ಅಲೆಗೆ ನೆಲ ತಟ್ಟುವುದು ಅದರ ಉದ್ದದ ಅರ್ಧದಷ್ಟು ಆಳದಲ್ಲಿ. 6 ಸೆಕೆಂಡಿನ ಅಲೆಗೆ 28 ಮೀಟರ್ ಆಳದಲ್ಲಿ, 16 ಸೆಕೆಂಡಿನದಕ್ಕೆ 200 ಮೀಟರ್ ಆಳದಲ್ಲೇ. ಅಲ್ಲಿಂದ ಅದು ನಿಧಾನವಾಗುತ್ತ, ಎತ್ತರ ಪಡೆಯುತ್ತ ಬರುತ್ತದೆ. 3 ಮೀಟರ್ ಆಳದ ಮರಳುದಿಣ್ಣೆ ಮೇಲೆ 6 ಸೆಕೆಂಡಿನ 1 ಮೀಟರ್ ಅಲೆ ಹೆಚ್ಚುಕಡಿಮೆ 1 ಮೀಟರೇ ಇರುತ್ತದೆ. 16 ಸೆಕೆಂಡಿನದು 1.5 ಮೀಟರ್ ಆಗುತ್ತದೆ, ಅದರಲ್ಲಿ ದೊಡ್ಡವು 2.8ಕ್ಕೆ ಮುಟ್ಟುತ್ತವೆ. ಅಲೆ ಒಡೆಯುವುದು ಆಳದ ಸುಮಾರು 0.78 ಪಟ್ಟು ಎತ್ತರವಾದಾಗ. 3 ಮೀಟರ್ ಆಳದಲ್ಲಿ 2.3. ಅಂದರೆ ಹತ್ತಿಪ್ಪತ್ತು ನಿಮಿಷ ನುಣ್ಣಗೆ ಕಂಡ ಅಳಿವೆಯಲ್ಲಿ ಒಮ್ಮೆಗೇ ಮೂರ್ನಾಲ್ಕು ಅಲೆ ಅಡ್ಡಕ್ಕೆ ಒಡೆಯುತ್ತವೆ.

ಮಲ್ಪೆ_ತಾಂಡೇಲ:
ಅದಕ್ಕೇ ಅಳಿವೆ ಹೊರಗೆ ನಿಂತು ಕಾಯಬೇಕು ಅನ್ನುವುದು. ಕಮ್ಮಿ ಅಂದ್ರೆ 15 ನಿಮಿಷ ನೋಡಿ, ದೊಡ್ಡ ಅಲೆಗಳ ಒಂದು ಗುಂಪು ದಾಟಲಿ, ಅದರ ಬೆನ್ನಿಗೇ ನುಗ್ಗಬೇಕು. ಇಳಿತದ ಹೊತ್ತಲ್ಲಿ ಬೇಡ. ಹೊಳೆನೀರು ಹೊರಗೆ ರಭಸದಲ್ಲಿ ಹೋಗುವಾಗ ಎದುರಿಂದ ಬರುವ ಅಲೆ ಕುಗ್ಗಿ ಕಡಿದಾಗ್ತದೆ. ಮಳೆ ಜೋರಾಗಿ ಹೊಳೆ ತುಂಬಿದ್ರೆ ಭರತದ ಹೊತ್ತಲ್ಲೂ ನೀರು ಹೊರಗೇ ಓಡ್ತಿರ್ತದೆ, ಆಗ ಭರತದ ಪಟ್ಟಿ ನೋಡಿ ಪ್ರಯೋಜನ ಇಲ್ಲ, ನೀರನ್ನೇ ನೋಡಬೇಕು. ಒಳ್ಳೆ ಹೊತ್ತು ಅಂದ್ರೆ ಏರಿಕೆಯ ಕೊನೆಯ ಒಂದು ಗಂಟೆ. ಒಳಗೆ ನುಗ್ಗಿದ ಮೇಲೆ ಅರ್ಧದಲ್ಲಿ ತಿರುಗಿಸುವ ಯೋಚನೆ ಮಾಡಬಾರದು.

ಕುಂದಾಪ್ರ_ಕಡಲು:
ಗಾಳಿಯ ವಿಷಯಕ್ಕೆ ಬರ್ತೇನೆ. ಹವಾಮಾನ ಇಲಾಖೆಯ ಎಚ್ಚರಿಕೆಯಲ್ಲಿ ಗಂಟೆಗೆ 45–55 ಕಿ.ಮೀ., ಬೀಸಿದಾಗ 65 ಅಂತ ಇರ್ತದೆ. ಆ್ಯಪ್‌ನಲ್ಲಿ ನೋಡಿದ್ರೆ ಅದೇ ಜಾಗಕ್ಕೆ 18 ನಾಟ್. ಯಾವುದನ್ನು ನಂಬುವುದು?

ಹಡಗುಹಾದಿ:
ಮೊದಲು ಒಂದೇ ಅಳತೆಗೆ ತನ್ನಿ. 1 ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಹಾಗಾಗಿ ಇಲಾಖೆಯದ್ದು 24–30 ನಾಟ್, ಬೀಸಿದಾಗ 35. ಇಲಾಖೆಯ ಎಚ್ಚರಿಕೆ ಒಂದು ವಿಸ್ತಾರಕ್ಕೆ, ಅಲ್ಲಿ ಬರಬಹುದಾದ ಕೆಟ್ಟ ಗಾಳಿಗೆ. ಆ್ಯಪ್ ತೋರಿಸುವುದು ಕಂಪ್ಯೂಟರ್ ಮಾದರಿ ಕಡಲನ್ನು ಹಂಚುವ ಚೌಕಗಳಲ್ಲಿ ಒಂದರ ಸರಾಸರಿ. ಎಷ್ಟೋ ಆ್ಯಪ್‌ಗಳಲ್ಲಿ ಆ ಚೌಕ 25 ಕಿ.ಮೀ. ಮೇಲೆ. ಅದರೊಳಗಿನ ಗುಡುಗುಮೋಡ ಅದಕ್ಕೆ ಕಾಣುವುದೇ ಇಲ್ಲ.

ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 20ರಿಂದ 28 ನಾಟ್‌ಗೆ ಹೋದರೆ ಬೋಟಿನ ಮೇಲಿನ ಒತ್ತಡ ದುಪ್ಪಟ್ಟು. ಆ್ಯಪ್‌ನ 18ಕ್ಕೆ ಮೂರನೇ ಒಂದು ಭಾಗ ಸೇರಿಸಿ 24 ಬೀಸುತ್ತದೆ ಅಂತಲೇ ಹೊರಡಿ.

ಕಣ್ಣಳತೆಯೂ ಬೇಕು: ಅಲ್ಲಲ್ಲಿ ಬಿಳಿನೊರೆ ಕಂಡರೆ 7–10 ನಾಟ್, ಆಗಾಗ ಕಂಡರೆ 11–16, ಕಡಲೆಲ್ಲ ನೊರೆಯಾದರೆ 17–21. ನೊರೆ ಗಾಳಿಯ ದಿಕ್ಕಿಗೆ ಗೆರೆಗೆರೆಯಾಗಿ ಎಳೆಯಲು ಶುರುವಾದರೆ 28 ದಾಟಿತು. ಬೋಟಿನಲ್ಲಿ ಇದಕ್ಕಿಂತ ನಂಬುವ ಯಂತ್ರ ಸುಲಭಕ್ಕೆ ಸಿಗದು.

ಅಲೆಲೆಕ್ಕ:
ಎರಡು ಸಣ್ಣ ತಪ್ಪು ಬಹಳ ಕಡೆ ಆಗುತ್ತದೆ. ಕೆಲವು ನಕ್ಷೆಗಳ ಸಮಯ ಗ್ರೀನಿಚ್‌ನದ್ದು, ಅದಕ್ಕೆ ಐದೂವರೆ ಗಂಟೆ ಸೇರಿಸಬೇಕು. ನಕ್ಷೆಯ 12 ಗಂಟೆ ನಮಗೆ ಸಂಜೆ ಐದೂವರೆ. ಗಾಳಿಯ ದಿಕ್ಕು ಅಂದರೆ ಬರುವ ದಿಕ್ಕು, ನೀರಿನ ಸೆಳೆತದ ದಿಕ್ಕು ಅಂದರೆ ಹೋಗುವ ದಿಕ್ಕು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಸೆಳೆತ ತೆಂಕಕ್ಕೆ, ನವೆಂಬರ್‌ನಿಂದ ಜನವರಿಗೆ ಬಡಗಕ್ಕೆ. ಬಲೆ ಬಿಡುವವರಿಗೆ ಇದು ಗಾಳಿಯಷ್ಟೇ ಮುಖ್ಯ.

ಕಾರವಾರ_ಬಡಗು:
ಏಪ್ರಿಲ್–ಮೇ ತಿಂಗಳ ಗುಡುಗಿನ ಗಾಳಿಗೆ ಏನು ಮಾಡುವುದು? ಅದು ಯಾವ ಆ್ಯಪ್‌ನಲ್ಲೂ ಬರುವುದಿಲ್ಲವಲ್ಲ.

ಮಲ್ಪೆ_ತಾಂಡೇಲ:
ಬರುವುದಿಲ್ಲ. ಮೂಡಣ ಘಟ್ಟದ ಮೇಲೆ ಮಧ್ಯಾಹ್ನ ಕಟ್ಟಿದ ಮೋಡ ಸಂಜೆ ಕಡಲಿಗೆ ಇಳೀತದೆ. ಮೋಡದ ಬುಡದಲ್ಲಿ ಕಪ್ಪು ಸುರುಳಿ ಉದ್ದಕ್ಕೆ ಕಂಡ್ರೆ, ಇದ್ದ ಗಾಳಿ ಒಮ್ಮೆಗೆ ನಿಂತು ಮೈಗೆ ತಂಪು ತಟ್ಟಿದ್ರೆ, ಹತ್ತು ನಿಮಿಷವೂ ಇಲ್ಲ ಅಂತ ತಿಳೀಬೇಕು. 40 ನಾಟ್ ಹೊಡೀಬಹುದು, ಅದೂ ಮೊದಲಿದ್ದ ಗಾಳಿಗೆ ಎದುರು ದಿಕ್ಕಿನಿಂದ. ಹೆಚ್ಚಂದ್ರೆ ಅರ್ಧ–ಮುಕ್ಕಾಲು ಗಂಟೆ. ಬಲೆ ನೀರಲ್ಲಿದ್ರೆ ಎಳೆಯಲು ಹೋಗಬೇಡಿ. ಡೆಕ್ ಮೇಲಿನದೆಲ್ಲ ಕಟ್ಟಿ, ಹ್ಯಾಚ್ ಮುಚ್ಚಿ, ಮೂತಿಯನ್ನು ಮೋಡಕ್ಕೆ ಕೊಟ್ಟು ನಿಲ್ಲಿ.

ಗಂಗೊಳ್ಳಿ_ಅಳಿವೆ:
ತೂಫಾನ್ ಬಗ್ಗೆ ಯಾರೂ ಹೇಳಲಿಲ್ಲ. ಓಖಿ ಚಂಡಮಾರುತದ ಹೊತ್ತಲ್ಲಿ ಎಚ್ಚರಿಕೆ ಬಂದದ್ದು ತಡವೋ ಬೋಟುಗಳು ಬಂದದ್ದು ತಡವೋ ಅಂತ ಈಗಲೂ ಜಗಳ ಉಂಟು.

ಹಡಗುಹಾದಿ:
ಜಗಳ ಬಿಡಿ, ಗಂಟೆಯ ಲೆಕ್ಕ ನೋಡಿ. 2017ರ ನವೆಂಬರ್ 29ಕ್ಕೆ ವಾಯುಭಾರ ಕುಸಿತವಾಗಿದ್ದದ್ದು 30ರ ಬೆಳಗ್ಗೆ ಚಂಡಮಾರುತ. 200 ಮೈಲು ಹೊರಗಿರುವ ಬೋಟು 8 ನಾಟ್‌ನಲ್ಲಿ ಬಂದರು ಸೇರಲು 25 ಗಂಟೆ ಬೇಕು. ಎದುರು ಅಲೆಯಿದ್ದರೆ 5 ನಾಟ್‌ಗೆ ಇಳಿದು 40 ಗಂಟೆ. ಅಂದರೆ ಅಷ್ಟು ದೂರ ಹೋದವರು ಚಂಡಮಾರುತ ಅನ್ನುವ ಹೆಸರು ಬರುವವರೆಗೆ ಕಾಯುವ ಹಾಗೇ ಇಲ್ಲ. 'ವಾಯುಭಾರ ಕುಸಿತ ಆಗಬಹುದು' ಅಂದಾಗಲೇ ಹಿಂದೆ ಬರಬೇಕು. ಮೊಬೈಲ್ ಸಿಗ್ನಲ್ ಹತ್ತಿಪ್ಪತ್ತು ಮೈಲಿಗೆ ಮುಗಿಯುತ್ತದೆ, ವಿಎಚ್‌ಎಫ್ ವಯರ್‌ಲೆಸ್ ಬೋಟಿನಿಂದ ಬೋಟಿಗೆ ಅದಕ್ಕಿಂತ ಬಹಳ ಮುಂದೆ ಹೋಗುವುದಿಲ್ಲ. ಆಮೇಲೆ 2019ರಲ್ಲಿ ಬಂದ ಜೆಮಿನಿ ಯಂತ್ರ ಗಗನ್ ಉಪಗ್ರಹದ ಮೂಲಕ ಎಚ್ಚರಿಕೆಯನ್ನು ಬ್ಲೂಟೂತ್‌ನಲ್ಲಿ ಮೊಬೈಲಿಗೆ ಕೊಡುತ್ತದೆ. ಆದರೆ ಅದು ಒಮ್ಮುಖ, ನೀವು ಅದರಲ್ಲಿ ಸಹಾಯ ಕೇಳಲಾಗುವುದಿಲ್ಲ. ಅದಕ್ಕೆ ಅಪಾಯ ಸೂಚಕ ಯಂತ್ರ ಬೇರೆಯೇ ಬೇಕು.

ಗಾಳಿಗೆ ಮುಖ ಮಾಡಿ ನಿಂತರೆ ಚಂಡಮಾರುತದ ನಡು ನಿಮ್ಮ ಬಲಗೈ ಕಡೆ, ಸ್ವಲ್ಪ ಹಿಂದಕ್ಕೆ. ಒಂದೇ ಜಾಗದಲ್ಲಿ ನಿಂತು ನೋಡಿ: ಗಾಳಿಯ ದಿಕ್ಕು ಗಡಿಯಾರದ ಮುಳ್ಳಿನಂತೆ ತಿರುಗುತ್ತಿದ್ದರೆ ಅದು ಸಾಗುವ ದಾರಿಯ ಬಲಭಾಗದಲ್ಲಿದ್ದೀರಿ, ಕೆಟ್ಟ ಭಾಗ. ಅಪ್ರದಕ್ಷಿಣವಾಗಿ ತಿರುಗಿದರೆ ಎಡಭಾಗ. ದಿಕ್ಕು ಬದಲಾಗದೆ ವಾತಾವರಣದ ಒತ್ತಡ ಮಾತ್ರ ಇಳಿಯುತ್ತಿದ್ದರೆ ನೀವು ಅದರ ದಾರಿಯಲ್ಲೇ ಇದ್ದೀರಿ. 2021ರ ಮೇ ತಿಂಗಳ ತೌಕ್ತೆ ಹಾಗೆ ಕರಾವಳಿಗೆ ಸಮಾನಾಂತರವಾಗಿ ಬಡಗಕ್ಕೆ ಹೋಗುವ ಚಂಡಮಾರುತಕ್ಕೆ ಬಲಭಾಗ ಅಂದರೆ ನಮ್ಮ ಕರೆಯೇ. ಅದರ ಸ್ವಂತ ವೇಗವೂ ಗಾಳಿಗೆ ಸೇರುತ್ತದೆ. ದೊಡ್ಡ ಹಡಗಾದರೆ ಬಲಭಾಗದಲ್ಲಿ ಗಾಳಿಯನ್ನು ಮುಂದಿನ ಬಲಬದಿಗೆ, ಎಡಭಾಗದಲ್ಲಿ ಹಿಂದಿನ ಬಲಬದಿಗೆ ಇಟ್ಟು ದೂರ ಸರಿಯುತ್ತದೆ.

ಮಲ್ಪೆ_ತಾಂಡೇಲ:
8 ನಾಟ್ ಬೋಟಿಗೆ ಇದು ಆಗುವ ಕೆಲಸ ಅಲ್ಲ. ಚಂಡಮಾರುತವೇ 8–10 ನಾಟ್‌ನಲ್ಲಿ ನಡೀತದೆ. ನಮಗೆ ಇರುವ ಉಪಾಯ ಒಂದೇ, ಎರಡು ದಿನ ಮೊದಲೇ ಹತ್ತಿರದ ಬಂದರು ಹೊಕ್ಕುವುದು. ಊರಿನ ಬಂದರೇ ಆಗಬೇಕು ಅಂತಿಲ್ಲ. ಗೋವಾವೋ ರತ್ನಗಿರಿಯೋ ಹತ್ತಿರ ಇದ್ರೆ ಅಲ್ಲಿಗೇ ಹೋಗಿ.

ಹಡಗುಹಾದಿ:
ಒಪ್ಪಿದೆ. ದಿಕ್ಕಿನ ಲೆಕ್ಕ ಸಣ್ಣ ಬೋಟಿಗೆ ಬೇಕಾಗುವುದು ಯಾವ ಬಂದರು ಅಂತ ಆರಿಸಲು ಮಾತ್ರ.

ಕುಂದಾಪ್ರ_ಕಡಲು:
ಒತ್ತಡ ಇಳಿಯುವುದು ಅಂದ್ರಿ. ಮೊಬೈಲಿನ ಬ್ಯಾರೋಮೀಟರ್ ಸಾಕಾ? ದಿನಾ ಮಧ್ಯಾಹ್ನ ಅದು ಇಳಿದೇ ಇಳಿಯುತ್ತದೆ.

ಅಲೆಲೆಕ್ಕ:
ಉಷ್ಣವಲಯದಲ್ಲಿ ಒತ್ತಡ ದಿನಕ್ಕೆರಡು ಸಲ ಏರಿಳಿಯುತ್ತದೆ, 2–3 ಮಿಲಿಬಾರ್‌ನಷ್ಟು. ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಮತ್ತು ರಾತ್ರಿ ಹತ್ತೂವರೆಗೆ ಹೆಚ್ಚು, ಬೆಳಗಿನ ಜಾವ ಮತ್ತು ಸಂಜೆ ನಾಲ್ಕೂವರೆಗೆ ಕಡಿಮೆ. ಹಾಗಾಗಿ ಬೆಳಗ್ಗೆಗೂ ಸಂಜೆಗೂ ಹೋಲಿಸಬೇಡಿ, ನಿನ್ನೆ ಇದೇ ಹೊತ್ತಿಗೆ ಹೋಲಿಸಿ. ಆ ಹೊತ್ತಿನ ಮಾಮೂಲಿಗಿಂತ 3 ಮಿಲಿಬಾರ್ ಕಡಿಮೆಯಾದರೆ ಎಚ್ಚರ. 5 ಕಡಿಮೆಯಾದರೆ ಹತ್ತಿರದಲ್ಲಿ ಚಂಡಮಾರುತ ಇದೆ ಅಂತಲೇ ನಡೆದುಕೊಳ್ಳಿ. ಈ ದಿನವಹಿ ಏರಿಳಿತವೇ ಮಾಯವಾಗಿ ಮುಳ್ಳು ಒಂದೇ ಸಮ ಇಳಿಯುತ್ತಿದ್ದರೂ ಅದೇ ಅರ್ಥ.

ಮೊಬೈಲ್ ಸಾಕು, ಆದರೆ ಎಲ್ಲ ಮೊಬೈಲಿನಲ್ಲೂ ಆ ಸೆನ್ಸರ್ ಇರುವುದಿಲ್ಲ, ಕೆಲವು ಆ್ಯಪ್ ಇಂಟರ್ನೆಟ್‌ನಿಂದ ತಂದ ಸಂಖ್ಯೆಯನ್ನೇ ತೋರಿಸುತ್ತವೆ. ಏರೋಪ್ಲೇನ್ ಮೋಡ್ ಹಾಕಿ ನೋಡಿ. ಮೊಬೈಲನ್ನು ನೀರಮಟ್ಟದಿಂದ ಮೂರನೇ ಮಹಡಿಗೆ ಒಯ್ದರೆ 1 ಮಿಲಿಬಾರ್ ಇಳಿಯಬೇಕು. ಹೊರಡುವ ದಿನ ಪಣಂಬೂರು ವೀಕ್ಷಣಾಲಯದ ಸಂಖ್ಯೆಗೆ ಹೋಲಿಸಿ ವ್ಯತ್ಯಾಸ ಬರೆದಿಡಿ. ಕಡಲಲ್ಲಿ ಕ್ಯಾಬಿನ್‌ನ ಒಂದೇ ಜಾಗದಲ್ಲಿಟ್ಟು, ಗಾಳಿಯಾಡದ ಗಟ್ಟಿ ಡಬ್ಬಿಯಿಂದ ಹೊರತೆಗೆದು, ಮೂರು ಗಂಟೆಗೊಮ್ಮೆ ಓದಿ.